ಶೆಲ್ಬಿ ಕೌಂಟಿ ಪ್ರಕರಣ: ದಿವಾಳಿ ಅರ್ಜಿ ಜಾಸ್ತಿ ಅಂದರೆ ಕಷ್ಟವೂ ಜಾಸ್ತಿಯಾ?

ಅಮೆರಿಕದಲ್ಲಿ ಯಾವ ಭಾಗದ ಮನೆಗಳು ಸಾಲದಲ್ಲಿ ಹೆಚ್ಚು ಒದ್ದಾಡುತ್ತಿವೆ ಅಂತ ಹುಡುಕಲು ಹೊರಟರೆ ಟೆನೆಸ್ಸಿ ರಾಜ್ಯದ ಶೆಲ್ಬಿ ಕೌಂಟಿಯ ಹೆಸರು ಬೇಗ ಎದುರಾಗುತ್ತದೆ. ಮೆಂಫಿಸ್ ನಗರ ಇರುವುದು ಇಲ್ಲೇ. 2020ರ ಜನಗಣತಿಯ ಪ್ರಕಾರ ಕೌಂಟಿಯ ಜನಸಂಖ್ಯೆ ಸುಮಾರು 9.3 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ. ಜನಸಂಖ್ಯೆಗೆ ಹೋಲಿಸಿದರೆ ದಿವಾಳಿ ಅರ್ಜಿ ಹಾಕುವವರ ಪ್ರಮಾಣದಲ್ಲಿ ಈ ಭಾಗ ಎಷ್ಟೋ ವರ್ಷಗಳಿಂದ ದೇಶದಲ್ಲೇ ಮೇಲಿನ ಸಾಲಿನಲ್ಲಿದೆ.

ಹಾಗಾದರೆ ದೇಶದಲ್ಲೇ ಅತಿ ಹೆಚ್ಚು ಕಷ್ಟದಲ್ಲಿರುವವರು ಶೆಲ್ಬಿಯವರಾ? ಕಷ್ಟ ಇದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಸಂಖ್ಯೆ ಅಷ್ಟು ಎತ್ತರಕ್ಕೆ ಹೋಗಿರುವುದಕ್ಕೆ ಕಷ್ಟವೊಂದೇ ಕಾರಣವಲ್ಲ. ಕಾನೂನು, ವಕೀಲರ ಫೀಸು ಕಟ್ಟುವ ರೀತಿ, ಸುಮಾರು 85 ವರ್ಷದ ರೂಢಿ, ಎಲ್ಲವೂ ಅದರೊಳಗೆ ಸೇರಿವೆ. ಇದನ್ನು ಬಿಡಿಸಿ ನೋಡದೆ ಭೂಪಟಕ್ಕೆ ಬಣ್ಣ ಬಳಿದರೆ ಅನುದಾನ ಎಲ್ಲಿಗೆ ಹೋಗಬೇಕು, ಸಾಲ ಸಲಹಾ ಕೇಂದ್ರ ಎಲ್ಲಿ ತೆರೆಯಬೇಕು ಎಂಬ ತೀರ್ಮಾನಗಳೇ ತಪ್ಪುತ್ತವೆ. ಅದಕ್ಕೇ ಈ ಒಂದು ಕೌಂಟಿಯನ್ನು ಪೂರ್ತಿಯಾಗಿ ನೋಡೋಣ.

ಮೊದಲು ಕೌಂಟಿ ಅಂದರೇನು ಅನ್ನೋದು. ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಬಹುದು, ಆದರೆ ಗಾತ್ರದಲ್ಲಿ ತೀರಾ ಏರುಪೇರು. ದೇಶದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ. ಲಾಸ್ ಏಂಜಲಿಸ್ ಕೌಂಟಿಯಲ್ಲಿ ಒಂದು ಕೋಟಿ ಜನ. 2020ರ ಜನಗಣತಿಯಲ್ಲಿ ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿ ಸಿಕ್ಕವರು 64 ಮಂದಿ. ಎರಡೂ ಪಟ್ಟಿಯಲ್ಲಿ ಒಂದೊಂದು ಸಾಲು. ಶೆಲ್ಬಿ ದೊಡ್ಡ ಕೌಂಟಿಗಳ ಕಡೆಯದು, ಹಾಗಾಗಿ ಅಂಕಿಅಂಶಕ್ಕೆ ಕೊರತೆಯಿಲ್ಲ. ಸರ್ಕಾರಿ ದತ್ತಾಂಶಗಳಲ್ಲಿ ಅದರ ಕೋಡ್ 47157. ಆ ಕೋಡ್ ಹಾಕಿದರೆ ನಿರುದ್ಯೋಗ, ಬಡತನ, ಕಡಿಮೆ ಕ್ರೆಡಿಟ್ ಸ್ಕೋರ್ ಇರುವವರ ಪಾಲು, ದಿವಾಳಿ ಅರ್ಜಿಗಳು, ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ. ತೊಂದರೆ ಏನಂದರೆ ಇವೆಲ್ಲ ಒಂದೇ ಕಥೆ ಹೇಳುವುದಿಲ್ಲ.

ದಿವಾಳಿಯಿಂದಲೇ ಶುರು ಮಾಡೋಣ, ಯಾಕೆಂದರೆ ಶೆಲ್ಬಿಗೆ ಹೆಸರು ಬಂದಿರುವುದೇ ಅದರಿಂದ.

ಸಾಮಾನ್ಯ ಜನರಿಗೆ ಅಲ್ಲಿ ಮುಖ್ಯವಾಗಿ ಎರಡು ದಾರಿ, ಎರಡಕ್ಕೂ ದಿವಾಳಿ ಕಾನೂನಿನ ಅಧ್ಯಾಯದ (ಚಾಪ್ಟರ್) ಹೆಸರೇ. ಚಾಪ್ಟರ್ 7ರಲ್ಲಿ ಕೆಲವು ತಿಂಗಳಲ್ಲೇ ಹೆಚ್ಚಿನ ಸಾಲ ಮನ್ನಾ ಆಗುತ್ತದೆ. ಚಾಪ್ಟರ್ 13ರಲ್ಲಿ ಕೋರ್ಟು ಒಪ್ಪಿದ ಪ್ರಕಾರ ಮೂರರಿಂದ ಐದು ವರ್ಷ ಕಂತು ಕಟ್ಟಬೇಕು. ಪೂರ್ತಿ ಕಟ್ಟಿದ ಮೇಲಷ್ಟೇ ಉಳಿದ ಸಾಲ ಮನ್ನಾ. ನಡುವೆ ಕಂತು ತಪ್ಪಿ ಕೇಸು ವಜಾ ಆದರೆ ಸಾಲ ಮತ್ತೆ ತಲೆ ಮೇಲೆ. ಹೀಗೆ ನೋಡಿದರೆ ಕೈಯಲ್ಲಿ ಏನೂ ಇಲ್ಲದವರು ಚಾಪ್ಟರ್ 7ಕ್ಕೆ ಹೋಗಬೇಕು, ಅಲ್ವಾ? ದೇಶದ ಒಟ್ಟು ಲೆಕ್ಕದಲ್ಲಿ ಚಾಪ್ಟರ್ 7ರದ್ದೇ ಮೇಲುಗೈ. ಮೆಂಫಿಸ್‌ನಲ್ಲಿ ಉಲ್ಟಾ. ಅಲ್ಲಿ ಅರ್ಜಿಗಳ ದೊಡ್ಡ ಪಾಲು ಚಾಪ್ಟರ್ 13.

ಕಾರಣ ವಕೀಲರ ಫೀಸಿನಲ್ಲಿದೆ. ಚಾಪ್ಟರ್ 7ಕ್ಕೆ ಕೋರ್ಟು ಶುಲ್ಕ 338 ಡಾಲರ್, ಅದರ ಮೇಲೆ ವಕೀಲರಿಗೆ ಸಾಮಾನ್ಯವಾಗಿ ಸಾವಿರ ಡಾಲರ್ ಆಸುಪಾಸು ಅಥವಾ ಅದಕ್ಕಿಂತ ಜಾಸ್ತಿ. ಈ ಫೀಸನ್ನು ವಕೀಲರು ಮೊದಲೇ ಕೇಳುತ್ತಾರೆ, ಯಾಕೆಂದರೆ ಅರ್ಜಿ ಹಾಕುವಾಗ ಬಾಕಿ ಉಳಿದ ಫೀಸೂ ಒಂದು ಸಾಲವೇ, ಉಳಿದ ಸಾಲದ ಜೊತೆ ಅದೂ ಮನ್ನಾ ಆಗಿ ಹೋಗುತ್ತದೆ. ಚಾಪ್ಟರ್ 13ರಲ್ಲಿ ಆ ಭಯವಿಲ್ಲ. ಕೋರ್ಟು ಶುಲ್ಕ 313 ಡಾಲರ್, ಅದನ್ನೂ ಕಂತಿನಲ್ಲಿ ಕಟ್ಟಬಹುದು, ವಕೀಲರ ಫೀಸು ಐದು ವರ್ಷದ ಕಂತಿನೊಳಗೇ ಸೇರಿಕೊಳ್ಳುತ್ತದೆ. ಮೊದಲ ದಿನ ಜೇಬಿನಿಂದ ಹೆಚ್ಚುಕಡಿಮೆ ಏನೂ ಕೊಡಬೇಕಿಲ್ಲ. ದುಡ್ಡಿಲ್ಲದವರು ಕಡಿಮೆ ಖರ್ಚಿನ ದಾರಿಗೆ ಹೋಗಲಾಗದೆ, ಕೊನೆಗೆ ಜಾಸ್ತಿ ಖರ್ಚಿನ ದಾರಿ ಹಿಡಿಯುತ್ತಾರೆ.

ಇನ್ನು ಅರ್ಜಿ ಹಾಕುವ ಆತುರ ಎಲ್ಲಿಂದ ಬರುತ್ತದೆ? ಒಂದು ಕಾಲ್ಪನಿಕ ಮನೆ ಇಟ್ಟುಕೊಂಡು ಲೆಕ್ಕ ಹಾಕೋಣ. ಮೆಂಫಿಸ್ ಅಂದರೆ ಗೋದಾಮುಗಳ ಊರು, ಫೆಡೆಕ್ಸ್‌ನ ಮುಖ್ಯ ಕೇಂದ್ರ ಅಲ್ಲಿದೆ. ಗೋದಾಮಿನಲ್ಲಿ ದುಡಿಯುವ ಒಬ್ಬ ತಾಯಿಗೆ ಕಡಿತ ಎಲ್ಲ ಕಳೆದು ವಾರಕ್ಕೆ 480 ಡಾಲರ್ ಕೈಗೆ ಬರುತ್ತದೆ ಅಂದುಕೊಳ್ಳಿ. ಹಳೆ ಸಾಲದ ಮೇಲೆ ಯಾರೋ ಕೋರ್ಟಿನಲ್ಲಿ ತೀರ್ಪು ಪಡೆದು ಸಂಬಳ ಜಪ್ತಿ ಮಾಡಿಸುತ್ತಾರೆ. ಫೆಡರಲ್ ಕಾನೂನಿನ ಮಿತಿ ಹೀಗಿದೆ: ಕಡಿತದ ನಂತರದ ಸಂಬಳದ ಕಾಲುಭಾಗ, ಇಲ್ಲವೇ ವಾರಕ್ಕೆ 217.50 ಡಾಲರ್‌ಗಿಂತ ಮೇಲಿನ ಮೊತ್ತ, ಎರಡರಲ್ಲಿ ಯಾವುದು ಕಡಿಮೆಯೋ ಅದು. 217.50 ಎಲ್ಲಿಂದ ಬಂತು ಅಂದರೆ ಗಂಟೆಗೆ 7.25 ಡಾಲರ್ ಕನಿಷ್ಠ ವೇತನದ 30 ಪಟ್ಟು. 2009ರಿಂದ ಆ ವೇತನ ಬದಲಾಗಿಲ್ಲ. ನಮ್ಮ ಲೆಕ್ಕದ ತಾಯಿಗೆ ಕಾಲುಭಾಗ ಅಂದರೆ 120 ಡಾಲರ್. ಇನ್ನೊಂದು ಲೆಕ್ಕದಲ್ಲಿ 262.50. ಹಾಗಾಗಿ 120 ಹೋಗುತ್ತದೆ, ಉಳಿಯೋದು 360. ನಾಲ್ಕು ವಾರ ದುಡಿದರೆ ಒಂದು ವಾರದ ಸಂಬಳ ಪೂರ್ತಿ ಸಾಲ ಕೊಟ್ಟವರಿಗೆ. ಬಾಡಿಗೆ, ಕಾರಿನ ಕಂತು, ಕರೆಂಟು ಬಿಲ್ಲು ಯಾವುದೂ ಕಾಲುಭಾಗ ಕಡಿಮೆ ಆಗುವುದಿಲ್ಲ.

ಚಾಪ್ಟರ್ 13 ಅರ್ಜಿ ಹಾಕಿದ ಕ್ಷಣಕ್ಕೆ ಆ ಜಪ್ತಿ ನಿಲ್ಲುತ್ತದೆ. ಕಾರು ಎಳೆದುಕೊಂಡು ಹೋಗುವುದೂ ನಿಲ್ಲುತ್ತದೆ. ಮೆಂಫಿಸ್‌ನಲ್ಲಿ ಕಾರಿಲ್ಲದೆ ಪಾಳಿ ಕೆಲಸಕ್ಕೆ ಹೋಗಿಬರುವುದು ತುಂಬಾ ಕಷ್ಟ, ಹಾಗಾಗಿ ಬಹಳ ಮನೆಗಳಿಗೆ ಸಾಲ ಮನ್ನಾಕ್ಕಿಂತ ಈ ತಡೆಯೇ ಮುಖ್ಯ. ಕೆಲವು ತಿಂಗಳು ಕಂತು ಕಟ್ಟುತ್ತಾರೆ, ಮಗುವಿಗೆ ಹುಷಾರಿಲ್ಲ ಅಂತಲೋ ಪಾಳಿ ಕಡಿಮೆಯಾಯಿತು ಅಂತಲೋ ತಪ್ಪುತ್ತದೆ, ಕೇಸು ವಜಾ, ಜಪ್ತಿ ಮತ್ತೆ ಶುರು, ಇನ್ನೊಂದು ಅರ್ಜಿ. 2005ರ ಬಿಗಿ ದಿವಾಳಿ ಕಾನೂನಿನ ನಂತರ ಒಂದೇ ವರ್ಷದೊಳಗೆ ಎರಡನೇ ಸಲ ಹಾಕಿದರೆ ಆ ರಕ್ಷಣೆ ತಾನಾಗಿ ಸಿಗುವುದು 30 ದಿನ ಮಾತ್ರ, ಮುಂದಕ್ಕೆ ಬೇಕಾದರೆ ಕೋರ್ಟನ್ನು ಕೇಳಬೇಕು. ಆದರೂ ಹಾಕುವವರು ಹಾಕುತ್ತಾರೆ, ಬೇರೆ ದಾರಿ ಕಾಣದೆ. ಈಗ ಅಂಕಿಅಂಶದ ಕಡೆ ತಿರುಗಿ. ಒಂದೇ ಮನೆ, ಒಂದೇ ಸಂಕಟ, ಐದಾರು ವರ್ಷದಲ್ಲಿ ಮೂರು ಅರ್ಜಿ. ಕೌಂಟಿಯ ಪಟ್ಟಿಯಲ್ಲಿ ಅದು ಮೂರು ದಿವಾಳಿ. ಬೇರೆ ಕೌಂಟಿಯಲ್ಲಿ ಇದೇ ಮನೆ ಚಾಪ್ಟರ್ 7 ಹಾಕಿ ಒಂದೇ ಸಲಕ್ಕೆ ಮುಗಿಸಿಕೊಂಡಿದ್ದರೆ ಅಲ್ಲಿ ಲೆಕ್ಕ ಒಂದು.

2017ರಲ್ಲಿ ಪ್ರೊಪಬ್ಲಿಕಾ ಸಂಸ್ಥೆಯ ಪತ್ರಕರ್ತರು ಇದನ್ನೇ ಬಗೆದು ನೋಡಿದರು. ಕಪ್ಪು ಜನ ಬಿಳಿಯರಿಗಿಂತ ಬಹಳ ಹೆಚ್ಚಾಗಿ ಚಾಪ್ಟರ್ 13 ಹಿಡಿಯುತ್ತಾರೆ ಮತ್ತು ಅವರ ಕೇಸುಗಳು ಕೊನೆ ಮುಟ್ಟದೆ ವಜಾ ಆಗುವುದೇ ಹೆಚ್ಚು ಅಂತ ದಾಖಲಿಸಿದರು. ಮೆಂಫಿಸ್ ಅದರ ಮುಖ್ಯ ಉದಾಹರಣೆಗಳಲ್ಲಿ ಒಂದು. ಸಾಲ ಮನ್ನಾವೂ ಆಗಲಿಲ್ಲ, ಕಟ್ಟಿದ ದುಡ್ಡೂ ಹೋಯಿತು. ನನಗೆ ಈ ಪ್ರಕರಣದಲ್ಲಿ ತುಂಬಾ ನೋವು ಕೊಡುವ ಭಾಗ ಇದು.

ಈ ರೂಢಿಗೆ ಊರಿನದ್ದೇ ಒಂದು ಇತಿಹಾಸವಿದೆ. ಸಂಬಳದಾರರು ಕಂತಿನಲ್ಲಿ ಸಾಲ ತೀರಿಸುವ ಪದ್ಧತಿ ಫೆಡರಲ್ ಕಾನೂನಿಗೆ ಸೇರಿದ್ದು 1938ರ ಚಾಂಡ್ಲರ್ ಕಾಯ್ದೆಯಿಂದ. ಅದನ್ನು ತಂದ ವಾಲ್ಟರ್ ಚಾಂಡ್ಲರ್ ಮೆಂಫಿಸ್‌ನ ಸಂಸದ, ಆಮೇಲೆ ಅದೇ ಊರಿನ ಮೇಯರ್ ಕೂಡ ಆದರು. ಪ್ರಯೋಗ ಮೊದಲು ನಡೆದದ್ದು ಪಕ್ಕದ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ. ಇವತ್ತಿಗೂ ಟೆನೆಸ್ಸಿ, ಅಲಬಾಮಾ, ಜಾರ್ಜಿಯಾ ಈ ಪಟ್ಟಿಯಲ್ಲಿ ಮೇಲಿರುವುದನ್ನು ನೋಡಿದರೆ, ಅಲ್ಲಿನ ವಕೀಲರು, ಜಡ್ಜುಗಳು, ಕಚೇರಿಗಳು ತಲೆಮಾರುಗಳಿಂದ ಈ ದಾರಿಗೆ ಒಗ್ಗಿಹೋಗಿರುವುದು ಗೊತ್ತಾಗುತ್ತದೆ.

ಈಗ ಟೆಕ್ಸಾಸ್‌ಗೆ ಹೋಗೋಣ. ಮೆಕ್ಸಿಕೋ ಗಡಿಯಲ್ಲಿರುವ ಹಿಡಾಲ್ಗೊ ಕೌಂಟಿಯಲ್ಲಿ ಸುಮಾರು 8.7 ಲಕ್ಷ ಜನ, ಹೆಚ್ಚುಕಡಿಮೆ ಶೆಲ್ಬಿಯಷ್ಟೇ. ಬಡತನ ಶೆಲ್ಬಿಗಿಂತ ಜಾಸ್ತಿ, ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬಡತನದ ರೇಖೆಯ ಕೆಳಗಿದ್ದಾರೆ. ದಿವಾಳಿ ಅರ್ಜಿಗಳು ಮಾತ್ರ ಶೆಲ್ಬಿಯ ಹತ್ತಿರಕ್ಕೂ ಬರುವುದಿಲ್ಲ. ಟೆಕ್ಸಾಸ್‌ನಲ್ಲಿ ಕ್ರೆಡಿಟ್ ಕಾರ್ಡು, ಆಸ್ಪತ್ರೆ ಬಿಲ್ಲಿನಂಥ ಸಾಮಾನ್ಯ ಸಾಲಕ್ಕೆ ಸಂಬಳ ಜಪ್ತಿ ಮಾಡುವಂತಿಲ್ಲ. ವಾಸದ ಮನೆಗೂ ಅಲ್ಲಿ ದೊಡ್ಡ ರಕ್ಷಣೆ ಇದೆ. ಸಾಲ ಕೊಟ್ಟವರು ಸಂಬಳಕ್ಕೆ ಕೈ ಹಾಕಲಾರರು ಅಂದಮೇಲೆ ಕೋರ್ಟಿಗೆ ಓಡುವ ಅವಸರ ಯಾರಿಗೆ? ದಿವಾಳಿ ಲೆಕ್ಕ ಒಂದನ್ನೇ ನೋಡಿ ಬಣ್ಣ ಹಚ್ಚಿದರೆ ಹಿಡಾಲ್ಗೊ ತಿಳಿ ಬಣ್ಣದಲ್ಲಿ ನೆಮ್ಮದಿಯ ಜಾಗದ ಹಾಗೆ ಕಾಣುತ್ತದೆ.

ಜಾಗದಿಂದ ಜಾಗಕ್ಕೆ ಹೀಗಾದರೆ, ವರ್ಷದಿಂದ ವರ್ಷಕ್ಕೂ ಇದೇ ಪಾಡು. 2005ರ ಅಕ್ಟೋಬರ್‌ನಲ್ಲಿ ಬಿಗಿಯಾದ ಹೊಸ ಕಾನೂನು ಜಾರಿಗೆ ಬರುತ್ತದೆ ಅಂತ ಗೊತ್ತಾಗಿ ಜನ ಮೊದಲೇ ಮುಗಿಬಿದ್ದರು. ಆ ವರ್ಷ ದೇಶದಲ್ಲಿ 20 ಲಕ್ಷಕ್ಕೂ ಹೆಚ್ಚು ಅರ್ಜಿ. 2006ರಲ್ಲಿ ಸುಮಾರು 6.2 ಲಕ್ಷ. ಒಂದೇ ವರ್ಷದಲ್ಲಿ ಅಮೆರಿಕದ ಮನೆಗಳ ಕಷ್ಟ ಮೂರನೇ ಒಂದಕ್ಕೆ ಇಳಿಯಿತು ಅಂತ ಯಾರೂ ಹೇಳಲಾರರು. ಕೋವಿಡ್ ಬಂದ 2020 ಇನ್ನೂ ವಿಚಿತ್ರ. ಏಪ್ರಿಲ್‌ನಲ್ಲಿ ನಿರುದ್ಯೋಗ 14.8 ಶೇಕಡಾ ಮುಟ್ಟಿತು. ದಿವಾಳಿ ಅರ್ಜಿಗಳು ಮಾತ್ರ 2019ರ 7.75 ಲಕ್ಷದಿಂದ 5.44 ಲಕ್ಷಕ್ಕೆ ಬಿದ್ದವು, 2022ರಲ್ಲಿ 3.88 ಲಕ್ಷಕ್ಕೆ. ಸರ್ಕಾರ 1,200 ಡಾಲರ್ ಚೆಕ್ ಕಳಿಸಿತು, ನಿರುದ್ಯೋಗ ಭತ್ಯೆಗೆ ವಾರಕ್ಕೆ 600 ಸೇರಿಸಿತು, ಮನೆ ಸಾಲದ ಕಂತು ಮುಂದೂಡಿತು. ಇದರಿಂದ ನಿಜವಾಗಿಯೂ ಎಷ್ಟೋ ಮನೆಗಳು ಉಸಿರಾಡಿದವು, ಅದು ಸತ್ಯ. ಜೊತೆಗೆ ಕೋರ್ಟು ಮುಚ್ಚಿತ್ತು, ಮನೆ ಜಪ್ತಿ ನಿಂತಿತ್ತು, ಅಂದರೆ ಜನರನ್ನು ಅರ್ಜಿಗೆ ದೂಡುವ ಕೈಗಳೂ ಸುಮ್ಮನಿದ್ದವು. ಎರಡನ್ನೂ ಬೇರೆ ಮಾಡಿ ಹೇಳಲು ಅರ್ಜಿ ಲೆಕ್ಕಕ್ಕೆ ಸಾಧ್ಯವೇ ಇಲ್ಲ. ಆಮೇಲೆ ಮತ್ತೆ ಏರಿ 2024ರಲ್ಲಿ 5.17 ಲಕ್ಷ ದಾಟಿತು.

ಹಾಗಾದರೆ ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗಳ ದತ್ತಾಂಶ ನೋಡೋಣ ಅನ್ನುತ್ತೀರಿ. ಸರಿ, ಇದು ದಿವಾಳಿಗಿಂತ ಎಷ್ಟೋ ವಾಸಿ. ನ್ಯೂಯಾರ್ಕ್ ಫೆಡರಲ್ ರಿಸರ್ವ್ ಬ್ಯಾಂಕು ಈಕ್ವಿಫ್ಯಾಕ್ಸ್ ಎಂಬ ಬ್ಯೂರೋದಿಂದ ಶೇಕಡಾ 5ರಷ್ಟು ಜನರ ದಾಖಲೆಯನ್ನು, ಹೆಸರು ಇಲ್ಲದೆ, ಮೂರು ತಿಂಗಳಿಗೊಮ್ಮೆ ಪಡೆಯುತ್ತದೆ, 1999ರಿಂದಲೂ ಇದೆ. ಅರ್ಬನ್ ಇನ್‌ಸ್ಟಿಟ್ಯೂಟ್ ಎಂಬ ಸಂಶೋಧನಾ ಸಂಸ್ಥೆ ಪ್ರತಿ ಕೌಂಟಿಯಲ್ಲಿ ಎಷ್ಟು ಜನರ ಸಾಲ ವಸೂಲಿ ಏಜೆನ್ಸಿಗೆ ಹೋಗಿದೆ ಅಂತ ಭೂಪಟ ಮಾಡುತ್ತದೆ. ಅದರಲ್ಲಿ ಶೆಲ್ಬಿ ಮಾತ್ರವಲ್ಲ, ಟೆಕ್ಸಾಸ್ ಸೇರಿ ದಕ್ಷಿಣದ ಬಹುಭಾಗ ಗಾಢ ಬಣ್ಣದಲ್ಲಿದೆ. ದಿವಾಳಿ ಪಟ್ಟಿಯಲ್ಲಿ ಮರೆಯಾಗಿದ್ದ ಟೆಕ್ಸಾಸ್ ಇಲ್ಲಿ ಎದ್ದು ಕಾಣುತ್ತದೆ.

ಆದರೆ ಇಲ್ಲೂ ನಿಯಮಗಳೇ ಬದಲಾಗುತ್ತವೆ. 2017-18ರಲ್ಲಿ ಬ್ಯೂರೋಗಳು ಸಿವಿಲ್ ಕೋರ್ಟಿನ ತೀರ್ಪುಗಳನ್ನು ವರದಿಯಿಂದ ತೆಗೆದವು. 2022ರ ಜುಲೈನಲ್ಲಿ ತೀರಿಸಿದ ಆಸ್ಪತ್ರೆ ಸಾಲಗಳು ಹೋದವು, 2023ರ ಏಪ್ರಿಲ್‌ನಲ್ಲಿ 500 ಡಾಲರ್‌ಗಿಂತ ಕಡಿಮೆ ಇರುವ ಆಸ್ಪತ್ರೆ ಸಾಲಗಳೂ ಹೋದವು. ಬಡವರ ಮೇಲಿನ ಕಳಂಕ ಕಡಿಮೆಯಾಯಿತು, ಒಳ್ಳೆಯದೇ. ಆದರೆ 400 ಡಾಲರ್ ಬಿಲ್ಲು ಇದ್ದವರ ಮೇಲೆ ಆ ಬಿಲ್ಲು ಹಾಗೇ ಇದೆ. ಟೆನೆಸ್ಸಿಯಂಥ ರಾಜ್ಯ ಬಡವರ ಮೆಡಿಕೇಡ್ ಆರೋಗ್ಯ ವಿಮೆಯನ್ನು ವಿಸ್ತರಿಸಲೇ ಇಲ್ಲ, ಅಲ್ಲಿ ಆಸ್ಪತ್ರೆ ಸಾಲ ಸಣ್ಣ ವಿಷಯ ಅಲ್ಲ. ವಿದ್ಯಾರ್ಥಿ ಸಾಲ ಇನ್ನೊಂದು. 2020ರ ಮಾರ್ಚ್‌ನಿಂದ ಫೆಡರಲ್ ವಿದ್ಯಾರ್ಥಿ ಸಾಲಕ್ಕೆ ವಿರಾಮ ಸಿಕ್ಕಿತು. ಕಂತು ಮತ್ತೆ ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ, ಕಟ್ಟದಿದ್ದರೂ 2024ರ ಸೆಪ್ಟೆಂಬರ್ ಕೊನೆಯವರೆಗೆ ಬ್ಯೂರೋಗೆ ವರದಿ ಇಲ್ಲ. 2025ರ ಆರಂಭದಲ್ಲಿ ಬಾಕಿದಾರರ ಪಾಲು ಒಮ್ಮೆಲೇ ನೆಗೆಯಿತು, ಎಷ್ಟೋ ಜನರ ಸ್ಕೋರು ಕುಸಿಯಿತು. ಅವರು ಆ ಮೂರು ತಿಂಗಳಲ್ಲಿ ದಿಢೀರಂತ ಬಡವರಾದರಾ? ಇಲ್ಲ, ಮೊದಲೇ ಕಟ್ಟಲಾಗದಿದ್ದವರು ಈಗ ಲೆಕ್ಕಕ್ಕೆ ಬಂದರು.

ಬ್ಯೂರೋಗೆ ಕಾಣದ ಸಾಲವೂ ಇದೆ. ಟೆನೆಸ್ಸಿಯಲ್ಲಿ ಸಂಬಳದ ದಿನಕ್ಕೆ ತೀರಿಸಬೇಕಾದ ಪೇಡೇ ಸಾಲ, ಕಾರಿನ ಕಾಗದ ಒತ್ತೆ ಇಡುವ ಟೈಟಲ್ ಸಾಲ ಎರಡೂ ಕಾನೂನುಬದ್ಧ. ಇವು ಮೂರು ದೊಡ್ಡ ಬ್ಯೂರೋಗಳಿಗೆ ಸಾಮಾನ್ಯವಾಗಿ ವರದಿಯಾಗುವುದಿಲ್ಲ. ಇದು ನಮಗೂ ಹೊಸದಲ್ಲ. 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಮೈಕ್ರೋಫೈನಾನ್ಸ್ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಾಗ ಎಲ್ಲರೂ ಕೇಳಿದ್ದು ಇದನ್ನೇ, ಯಾವ ಜಿಲ್ಲೆಯಲ್ಲಿ ಎಷ್ಟು ಮನೆ ಹೀಗಿವೆ ಅಂತ. ನೋಂದಾಯಿತ ಸಂಸ್ಥೆಗಳ ಸಾಲ ಬ್ಯೂರೋದಲ್ಲಿ ಸಿಗುತ್ತದೆ. ಕೈಸಾಲ, ಮೀಟರ್ ಬಡ್ಡಿ, ಮಾರ್ವಾಡಿ ಅಂಗಡಿಯಲ್ಲಿ ಗಿರವಿ ಇಟ್ಟ ಓಲೆ, ಇವು ಎಲ್ಲಿ ಸಿಗುತ್ತವೆ? ನಮ್ಮಲ್ಲಿ ತಾಲೂಕು ಮಟ್ಟದ ಅಳತೆಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯೇ ದೊಡ್ಡ ಕೆಲಸ, 35 ಸೂಚ್ಯಂಕ ಹಾಕಿ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಗುರುತಿಸಿತು. ಅದು ತಾಲೂಕು ಎಷ್ಟು ಹಿಂದಿದೆ ಅನ್ನುವ ಅಳತೆ. ಅಲ್ಲಿನ ಒಂದು ಮನೆ ಈ ವಾರದ ಕಂತಿಗೆ ಏನು ಮಾಡುತ್ತಿದೆ ಅನ್ನೋದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆ ಅಳತೆ ಬೇಕು.

ಶೆಲ್ಬಿಗೆ ವಾಪಸ್ ಬಂದರೆ, ಕೋರ್ಟಿನ ದಾವೆಗಳನ್ನು ಎಣಿಸಬಹುದು ಅನ್ನುವವರಿದ್ದಾರೆ. ಇದಕ್ಕೂ ಮೆಂಫಿಸ್‌ನಲ್ಲೇ ಉತ್ತರ ಇದೆ. 2019ರಲ್ಲಿ ಮೆಂಫಿಸ್‌ನ ಸುದ್ದಿ ಸಂಸ್ಥೆ ಎಂಎಲ್‌ಕೆ50 ಮತ್ತು ಪ್ರೊಪಬ್ಲಿಕಾ ಸೇರಿ ಬರೆದ ವರದಿಗಳಿಂದ ಒಂದು ವಿಷಯ ಹೊರಬಂತು. ಮೆಥಡಿಸ್ಟ್ ಲೆ ಬೊನ್ಹರ್ ಎಂಬ ಲಾಭರಹಿತ ಆಸ್ಪತ್ರೆ ಜಾಲ ಐದು ವರ್ಷದಲ್ಲಿ ರೋಗಿಗಳ ಮೇಲೆ 8,000ಕ್ಕೂ ಹೆಚ್ಚು ದಾವೆ ಹಾಕಿತ್ತು, ಕೆಲವರ ಸಂಬಳವನ್ನೂ ಜಪ್ತಿ ಮಾಡಿಸಿತ್ತು. ವರದಿ ಬಂದ ಮೇಲೆ ದಾವೆ ನಿಲ್ಲಿಸಿ, ಸಾವಿರಾರು ಜನರ ಸಾಲ ಮನ್ನಾ ಮಾಡಿದರು. ಒಂದೇ ಸಂಸ್ಥೆಯ ನೀತಿ ಬದಲಾದರೆ ಇಡೀ ಕೌಂಟಿಯ ದಾವೆ ಲೆಕ್ಕ ಅಲ್ಲಾಡುತ್ತದೆ. ಈ ಸಲ ಮಾತ್ರ ಲೆಕ್ಕದ ಜೊತೆ ಜನರ ಭಾರವೂ ನಿಜವಾಗಿ ಇಳಿಯಿತು.

ಜನರನ್ನೇ ಕೇಳೋಣ ಅಂದರೆ ಸಂಖ್ಯೆ ಸಾಲದು. 400 ಡಾಲರ್ ತುರ್ತು ಖರ್ಚು ಬಂದರೆ ಹೇಗೆ ನಿಭಾಯಿಸುತ್ತೀರಿ ಅಂತ ಫೆಡರಲ್ ರಿಸರ್ವ್ ಪ್ರತಿ ವರ್ಷ ಕೇಳುತ್ತದೆ. 2023ರಲ್ಲಿ ಕೈಯಲ್ಲಿರುವ ದುಡ್ಡಿನಿಂದಲೇ ಅಂದವರು ಶೇಕಡಾ 63. ಬಹಳ ಒಳ್ಳೆಯ ಪ್ರಶ್ನೆ. ಆದರೆ ಉತ್ತರಿಸುವವರು ದೇಶಕ್ಕೆಲ್ಲ ಸೇರಿ 11-12 ಸಾವಿರ, ಕೌಂಟಿಗೆ ಸರಾಸರಿ ನಾಲ್ವರೂ ಬೀಳುವುದಿಲ್ಲ. ಬಡತನದ ರೇಖೆ ಪ್ರತಿ ಕೌಂಟಿಗೂ ಸಿಗುತ್ತದೆ, ಆದರೆ ಅದು 1960ರ ದಶಕದಲ್ಲಿ ಅರ್ಥಶಾಸ್ತ್ರಜ್ಞೆ ಮಾಲಿ ಒರ್ಶಾನ್ಸ್ಕಿ ಊಟದ ಖರ್ಚಿನ ಮೂರು ಪಟ್ಟು ಅಂತ ಕಟ್ಟಿದ ಲೆಕ್ಕ, ಮ್ಯಾನ್‌ಹಟನ್‌ಗೂ ಮೆಂಫಿಸ್‌ಗೂ ಒಂದೇ. ಅದಕ್ಕಿಂತ ಯುನೈಟೆಡ್ ವೇ ಸಂಸ್ಥೆಯ ಆಲಿಸ್ ಅಳತೆ ನನಗೆ ಇಷ್ಟ. ಆ ಕೌಂಟಿಯ ಬಾಡಿಗೆ, ಮಕ್ಕಳ ಡೇಕೇರ್, ಓಡಾಟ ಎಲ್ಲ ಕೂಡಿಸಿ, ಬಡತನದ ರೇಖೆಗಿಂತ ಮೇಲಿದ್ದೂ ಆ ಖರ್ಚು ತೂಗಿಸಲಾಗದ ಮನೆಗಳನ್ನು ಎಣಿಸುತ್ತದೆ. ದುಡಿದೂ ಸಾಲದವರು ಅದರಲ್ಲಿ ಕಾಣುತ್ತಾರೆ.

ಇಷ್ಟೆಲ್ಲ ಇಟ್ಟುಕೊಂಡು ಶೆಲ್ಬಿಯನ್ನು ಹೇಗೆ ಓದಬೇಕು? ಎಲ್ಲವನ್ನೂ ಕಲಸಿ ನೂರಕ್ಕೆ ಇಷ್ಟು ಅಂತ ಒಂದು ಅಂಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ಆ ಅಂಕ ಏರಿದಾಗ ಏರಿದ್ದು ಯಾವುದು, ಕಷ್ಟವೋ ಕಾನೂನೋ, ಹೇಳಲು ಬರುವುದಿಲ್ಲ. ಸಾಲುಗಳನ್ನು ಬೇರೆಬೇರೆಯಾಗಿಯೇ ಪಕ್ಕಪಕ್ಕ ಇಟ್ಟು, ಪ್ರತಿಯೊಂದರ ಕೆಳಗೆ ಈ ದಾಖಲೆ ಹುಟ್ಟಿಸಿದವರು ಯಾರು ಅಂತ ಬರೆಯಬೇಕು. ದಿವಾಳಿ ಅರ್ಜಿ ಹಾಕಿದ್ದು ಮನೆಯವರು. ದಾವೆ ಹಾಕಿದ್ದು ಸಾಲ ಕೊಟ್ಟವರು. ವಸೂಲಿ ಅಂತ ನಮೂದಿಸಿದ್ದು ಏಜೆನ್ಸಿ. ಕೌಂಟಿಯೊಳಗೂ ಇಳಿಯಬೇಕು: ಜರ್ಮನ್‌ಟೌನ್, ಕಾಲಿಯರ್‌ವಿಲ್‌ನಂಥ ಅನುಕೂಲಸ್ಥ ಉಪನಗರಗಳೂ ಇದೇ 47157ರ ಒಳಗಿವೆ, ಉತ್ತರ ಮತ್ತು ದಕ್ಷಿಣ ಮೆಂಫಿಸ್‌ನ ಬಡ ಓಣಿಗಳೂ ಇದರೊಳಗಿವೆ. ಸರಾಸರಿ ಇಬ್ಬರಲ್ಲಿ ಯಾರದೂ ಅಲ್ಲ.

ದಿವಾಳಿಯ ಮಟ್ಟಿಗೆ ನಾನು ಕೇಳುವುದು ಅರ್ಜಿಗಳ ಸಂಖ್ಯೆಯನ್ನಲ್ಲ, ಹಾಕಿದ ಅರ್ಜಿಗಳಲ್ಲಿ ಎಷ್ಟು ಮನ್ನಾದವರೆಗೆ ಹೋದವು ಅನ್ನೋದನ್ನು. ಇದಕ್ಕೆ ಬೇಕಾದ ದತ್ತಾಂಶ ಇದೆ. ಫೆಡರಲ್ ಜುಡಿಷಿಯಲ್ ಸೆಂಟರ್ 2008ರಿಂದ ಈಚಿನ ದಿವಾಳಿ ಕೇಸುಗಳ ಕಡತವನ್ನು ಉಚಿತವಾಗಿ ಕೊಡುತ್ತದೆ. ಅರ್ಜಿದಾರರ ಕೌಂಟಿ, ಯಾವ ಚಾಪ್ಟರ್, ಮುಂಚೆ ಹಾಕಿದ್ದರೇ, ಕೇಸು ಹೇಗೆ ಮುಗಿಯಿತು, ಎಲ್ಲವೂ ಅದರಲ್ಲಿವೆ. ಶೆಲ್ಬಿಯ ಸಾಲುಗಳನ್ನು ಬೇರೆ ಮಾಡಿ, ಮೊದಲ ಸಲದವರನ್ನೂ ಮರಳಿ ಬಂದವರನ್ನೂ ವಿಂಗಡಿಸಿ, ವಜಾ ಆದವನ್ನು ವರ್ಷವಾರು ಎಣಿಸಲು ಸಾಧಾರಣ ಲ್ಯಾಪ್‌ಟಾಪ್ ಸಾಕು.